ಸೊಂಟದ ಅಳತೆ

ಫೆಬ್ರವರಿ ೨

ಗುಂಡಮ್ಮ,

ನಿನ್ನನ್ನು ಬಸ್ಸು ಹತ್ತಿಸಿ ಬಂದು ಮೂರು ದಿನವಾಯಿತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ನೀನು ಅತ್ತದ್ದು ನನಗೆ ಹಿಡಿಸಲಿಲ್ಲ. ಅಲ್ಲಿಗೆ ದಿನಕ್ಕೆ ನಲವತ್ತು ಹೆಂಗಸರು ಬರುತ್ತಾರೆ. ನಲವತ್ತು ಜನಕ್ಕೂ ನಿನ್ನದೇ ತೊಂದರೆ. ಎಲ್ಲರೂ ಅಳುತ್ತಾ ಕೂತರೆ ನೆಲ ಒರೆಸುವವರು ಯಾರು?

ಡಾಕ್ಟರಮ್ಮ ಹೇಳಿದ್ದನ್ನು ಇನ್ನೊಮ್ಮೆ ಬರೆಯುತ್ತೇನೆ, ನೀನು ಕೇಳಿಸಿಕೊಂಡಂತೆ ಕಾಣಲಿಲ್ಲ. ಪಿಸಿಓಎಸ್ ಅಂದರೆ ಗರ್ಭಕೋಶ ಕೆಟ್ಟಿದೆ ಅಂತಲ್ಲ. ಅಂಡ ಬೆಳೆಯಲು ಹೊರಡುತ್ತದೆ, ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು, ಸೊಂಟದ ಸುತ್ತ ಕೊಬ್ಬು, ಎಲ್ಲ ಒಂದೇ ಬೇರಿನವು. ಅವರ ಉಚಿತ ಚಿಕಿತ್ಸೆಯಲ್ಲಿ ಹನ್ನೆರಡು ಜನಕ್ಕೆ ಜಾಗವಿದೆ. ಪಟ್ಟಿ ಆಗಸ್ಟ್ ಹತ್ತಕ್ಕೆ ಹೋಗುತ್ತದೆ. ಸೊಂಟದ ಅಳತೆ ಒಂದು ಗೆರೆಗೆ ಇಳಿದವರಿಗಷ್ಟೇ ಅದು, ಮೂವತ್ತೆಂಟು ತುಂಬಿದವರಿಗೆ ಇಲ್ಲ. ನಿನಗೆ ನವೆಂಬರಿಗೆ ಮೂವತ್ತೆಂಟು. ಮಗು ಬೇಕು ಅಂದರೆ ಈ ಪಟ್ಟಿಯೊಂದೇ ನಿನ್ನ ಪಾಲಿಗೆ. ಇಲ್ಲಿನ ಸಲಹೆಗಾರ್ತಿಯಾಗಿ ಪಟ್ಟಿ ಬರೆಯುವವಳು ನಾನು.

ದೂರದ ಊರಿನವರು ತಿಂಗಳಿಗೊಂದು ಕಾಗದ ಬರೆಯಬೇಕು ಎನ್ನುವುದು ನಾನು ಮಾಡಿದ ನಿಯಮ. ಫೋನಿನಲ್ಲಿ ಎಲ್ಲರೂ ಅಳುತ್ತಾರೆ, ಕಾಗದದಲ್ಲಿ ಯೋಚಿಸುತ್ತಾರೆ. ತಿಂದದ್ದು, ನಡೆದದ್ದು, ನಿದ್ದೆ, ಮುಟ್ಟು, ಕೊನೆಗೆ ಸೊಂಟದ ಅಳತೆ. ಮೊದಲ ದಿನ ನಾನು ತೆಗೆದ ಅಳತೆ ಎಷ್ಟು, ಗೆರೆ ಎಷ್ಟು ಅಂತ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಹೊಟ್ಟೆ ಎಳೆದುಕೊಂಡು ಅಳೆಯುತ್ತಾರೆ. ಏರಿತೋ ಇಳಿಯಿತೋ, ಅಷ್ಟೇ ಹೇಳುವುದು.

ಮೂರು ಹೊತ್ತು ಊಟ ಮಾಡು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಬೇಳೆಯೋ ಮೊಟ್ಟೆಯೋ, ಕಾಲು ಭಾಗ ಮಾತ್ರ ಅನ್ನ. ಸಕ್ಕರೆ ಬಿಡು. ಉಂಡ ಮೇಲೆ ಅರ್ಧ ಗಂಟೆ ನಡೆ.

ಇನ್ನೊಂದು ಮಾತು. ಇಲ್ಲಿ ಎಲ್ಲ ಹೆಂಗಸರೂ ನನ್ನನ್ನು ಅಕ್ಕ ಅನ್ನುತ್ತಾರೆ, ನೀನೂ ಅನ್ನು. ಒಡಹುಟ್ಟಿದವಳು ಅಂತ ಮಾತ್ರ ಯಾರಿಗೂ ತಿಳಿಯಬಾರದು. ತಿಳಿದರೆ ನಿನ್ನ ಹೆಸರು ಬರೆದರೂ ತಪ್ಪು, ಬಿಟ್ಟರೂ ತಪ್ಪು.

ಅಕ್ಕ


ಮಾರ್ಚ್ ೪

ಅಕ್ಕ,

ಇನ್ನು ಅಳೋದಿಲ್ಲ. ಅತ್ತಿದ್ದು ಹೆದರಿಕೆಗಲ್ಲ, ಸ್ಕ್ಯಾನ್ ಮಾಡೋ ಹುಡುಗಿ ಪರದೆ ತೋರಿಸಿ "ನೋಡಿ, ಸಾಬೂನಿನ ನೊರೆ ಥರ ಇದೆ" ಅಂದಳಲ್ಲ, ಅದಕ್ಕೆ.

ಹೊಲಿಗೆ ಅಂಗಡಿಯಲ್ಲಿ ಟೀಗೆ ಸಕ್ಕರೆ ಬೇಡ ಅಂತ ಹೇಳಿಬಿಟ್ಟೆ. ನನ್ನ ಪಕ್ಕ ಕೂತು ಗುಂಡಿ ತೂತಿಗೆ ಕಾಜಾ ಹೊಲಿಯೋಳು ಇದ್ದಾಳಲ್ಲ, ಅವಳು, "ಏನೇ, ಸಕ್ಕರೆ ಬಿಟ್ಟರೆ ಮಗು ಆಗುತ್ತಾ? ಹಾಗಾದ್ರೆ ನಾನು ಡಬ್ಬಗಟ್ಟಲೆ ತಿಂತೀನಿ, ನನಗೆ ಐದು ಸಾಕಾಗಿದೆ" ಅಂದಳು. ಎಲ್ಲರೂ ಮಿಷನ್ ನಿಲ್ಲಿಸಿ ನಕ್ಕರು.

ಮೊನ್ನೆ ಶಾಲೆ ಯೂನಿಫಾರಂಗೆ ಅಳತೆ ಕೊಡೋಕೆ ಬಂದ ಮಗು ನನ್ನ ಗಲ್ಲ ಮುಟ್ಟಿ "ನಿಮಗ್ಯಾಕೆ ಗಡ್ಡ?" ಅಂತು. "ನಿಮ್ಮ ಮೇಷ್ಟ್ರ ಹತ್ರ ಇಸ್ಕೊಂಡೆ ಪುಟ್ಟಾ" ಅಂದೆ. ಅದಕ್ಕೂ ನಕ್ಕರು. ನಾನೂ ನಕ್ಕೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಕನ್ನಡಿ ನೋಡಿಕೊಂಡೆ.

ನೀನು ಹೇಳಿದ ಹಾಗೇ ಮೂರು ಹೊತ್ತು ಉಣ್ತಿದ್ದೀನಿ. ಅತ್ತೆ ದಿನಾ ಒಂದು ಮೊಟ್ಟೆ ಬೇಯಿಸಿ ಇಡ್ತಾರೆ. ಇವರು ಲೇತ್ ಕೆಲಸ ಮುಗಿಸಿ ಬಂದು ನನ್ನ ಜೊತೆ ನಡೆಯೋಕೆ ಬರ್ತಾರೆ, ನನಗಿಂತ ಮುಂಚೆ ಸುಸ್ತಾಗ್ತಾರೆ. ಮುಟ್ಟು ಈ ತಿಂಗಳು ಆಯ್ತು, ಮೂರು ತಿಂಗಳ ಮೇಲೆ!

ಊರಿನವರಿಗೆಲ್ಲ ಅಳತೆ ತೆಗೆಯೋಳು ನಾನು. ನನ್ನ ಬಟ್ಟೆ ಮಾತ್ರ ಹಳೇದನ್ನ ಮೇಲಿಟ್ಟು ಕತ್ತರಿಸಿಬಿಡ್ತೀನಿ. ಹದಿನೈದು ವರ್ಷದಲ್ಲಿ ನನಗೆ ನಾನೇ ಟೇಪು ಸುತ್ತಿಕೊಂಡದ್ದು ಇದೇ ಮೊದಲು. ಸೊಂಟ ನಲವತ್ತೊಂದು.

ನಿನ್ನ ತಂಗಿ


ಮಾರ್ಚ್ ೧೨

ಗುಂಡಮ್ಮ,

ಏರಿದೆ. ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ ಏರಿದೆ.

ಮೂರು ಹೊತ್ತು ಉಣ್ಣುತ್ತಿದ್ದೇನೆ ಎಂದು ಬರೆದಿದ್ದೀಯ. ಬರೆಯದ ನಾಲ್ಕನೆಯ ಹೊತ್ತು ಯಾವುದು? ಆರು ವರ್ಷದವಳಿದ್ದಾಗ ಬಿಸ್ಕತ್ತಿನ ಡಬ್ಬ ಹಿಂದೆ ಬಚ್ಚಿಟ್ಟು ಮುಂದೆ ಕೈಮುಗಿದು ನಿಲ್ಲುತ್ತಿದ್ದೆಯಲ್ಲ, ಅದೇ ಮುಖ ನನ್ನ ಕಣ್ಣ ಮುಂದೆ ಬಂತು. ಅಮ್ಮ ಹೋದ ಮೇಲೆ ನಿನಗೆ ತುತ್ತಿಟ್ಟವಳು ನಾನು. ಎರಡು ತುತ್ತು ಹೆಚ್ಚೇ ಇಟ್ಟೆನೇನೋ.

ಅತ್ತೆಯ ಮೊಟ್ಟೆ ನಿಲ್ಲಿಸು. ನಿನ್ನ ಅತ್ತೆ ತಿನ್ನಿಸುವುದು ಪ್ರೀತಿಗಲ್ಲ, ಸಾಕ್ಷಿಗೆ. ನಾಳೆ ಮಗು ಆಗದಿದ್ದರೆ "ನಾವೇನು ಕಡಿಮೆ ಮಾಡಿದ್ವಿ" ಅನ್ನಬೇಕಲ್ಲ. ರಾತ್ರಿಯ ಅನ್ನವನ್ನೂ ಬಿಡು. ನಡೆಯುವುದು ಒಂದು ಗಂಟೆ ಆಗಲಿ, ಗಂಡನನ್ನು ಬಿಟ್ಟು. ಅವನ ಜೊತೆ ಹೋದರೆ ಅದು ಹವಾ ಸೇವನೆ.

ಅಕ್ಕ


ಏಪ್ರಿಲ್ ೫

ಅಕ್ಕ,

ಡಬ್ಬ ಎಲ್ಲೂ ಬಚ್ಚಿಟ್ಟಿಲ್ಲ. ನಿನ್ನ ಆಣೆ.

ಮೊಟ್ಟೆ ಬೇಡ ಅಂದಿದ್ದಕ್ಕೆ ಅತ್ತೆಗೆ ಕೋಪ. "ನಿಮ್ಮಕ್ಕ ಓದಿದವರು, ಇಲ್ಲ ಅನ್ನಲ್ಲ. ಆದ್ರೆ ಓದಿದವರು ತಾವು ಹಸಿದಿರೋದನ್ನ ನಾನಂತೂ ಕಂಡಿಲ್ಲ" ಅಂದರು. ನೀನು ಬರೆದದ್ದನ್ನ ಅವರಿಗೆ ಹೇಳಲಿಲ್ಲ.

ಪೈಜಾಮದ ಲಾಡಿ ಮೊದಲಿನ ಗಂಟಿಗೆ ನಿಲ್ತಿಲ್ಲ ಅಕ್ಕ, ಜಾರುತ್ತೆ. ಎರಡು ಕುರ್ತಾ ಪಕ್ಕ ಬಿಚ್ಚಿ ಹಿಡಿದು ಹೊಲಿದೆ. ನೀನು ಏರಿದೆ ಅಂತೀಯ. ನನಗೆ ಅರ್ಥ ಆಗ್ತಿಲ್ಲ, ಆದ್ರೆ ನಿನಗೆ ಗೊತ್ತಿಲ್ಲದ್ದು ನನಗೇನು ಗೊತ್ತು. ಸೊಂಟ ನಲವತ್ತು.

ಪಟ್ಟಿಯಲ್ಲಿ ಈಗ ಎಷ್ಟು ಜನ ಆದರು?

ನಿನ್ನ ತಂಗಿ


ಏಪ್ರಿಲ್ ೧೪

ಗುಂಡಮ್ಮ,

ಲಾಡಿಯ ಮಾತನ್ನು ನಂಬಬೇಡ. ತಿನ್ನಬೇಕು ಅನ್ನುವವರಿಗೆ ಲಾಡಿಯೂ ಸಾಕ್ಷಿ ಹೇಳುತ್ತದೆ. ಹೋದ ಸಲಕ್ಕಿಂತ ಕೊಂಚ ಇಳಿದಿದೆ, ನಿಜ. ನೀನು ಇಲ್ಲಿಂದ ಹೋದ ದಿನಕ್ಕಿಂತ ಇನ್ನೂ ಮೇಲೇ ಇದ್ದೀಯ. ಎರಡು ತಿಂಗಳು ಅಂಚೆಚೀಟಿ ದಂಡ.

ಪಟ್ಟಿಯಲ್ಲಿ ಐದು ಜನ. ಅದರಲ್ಲಿ ಒಬ್ಬಳು ಮೀನು ಮಾರುವವಳು, ಓದಲು ಬಾರದು, ಮಗನ ಕೈಲಿ ಕಾಗದ ಬರೆಸುತ್ತಾಳೆ. ಅವಳಿಗೆ ಸಾಧ್ಯವಾದದ್ದು ನಿನಗೆ ಯಾಕಿಲ್ಲ?

ಬೆಳಗ್ಗೆ ಸೌತೆಕಾಯಿ, ಮಜ್ಜಿಗೆ. ಮಧ್ಯಾಹ್ನ ಒಂದು ಬಟ್ಟಲು ಬೇಳೆ, ಸೊಪ್ಪು. ಸಂಜೆಯ ಮೇಲೆ ಬಿಸಿನೀರು. ಅಷ್ಟೇ.

ಅಕ್ಕ


ಮೇ ೬

ಅಕ್ಕ,

ನೀನು ಬರೆದಷ್ಟೇ ತಿಂತಿದ್ದೀನಿ. ಹೊಟ್ಟೆಗೆ ತಣ್ಣೀರು ಬಟ್ಟೆ ಅಂತ ಹಿರಿಯರು ಹೇಳ್ತಿದ್ರಲ್ಲ, ಈಗ ತಿಳೀತು. ಮೊದಲ ವಾರ ಹೊಟ್ಟೆ ಗಲಾಟೆ ಮಾಡ್ತಿತ್ತು, ಈಗ ಅದೂ ಸುಮ್ಮನಾಗಿದೆ, ಬೈಸಿಕೊಂಡ ಮಗು ಥರ. ಬಾಚಣಿಗೆಯಲ್ಲಿ ಕೂದಲು ಮುಷ್ಟಿಯಷ್ಟು ಬರುತ್ತೆ. ಗಲ್ಲದ್ದು ಮಾತ್ರ ಒಂದೂ ಉದುರಲ್ಲ, ನೋಡು ಅದರ ನಿಯತ್ತು!

ಹೋದ ತಿಂಗಳು ಮುಟ್ಟಾಗಲಿಲ್ಲ. ಈ ತಿಂಗಳೂ ಇಲ್ಲ. ಸೊಂಟ ಮೂವತ್ತೊಂಬತ್ತು.

ಅಂಗಡಿಯಲ್ಲಿ ಎಳೆಮಗುವಿನ ಜುಬ್ಬ ಹೊಲಿಯೋಕೆ ಒಂದು ತುಂಡು ಬಟ್ಟೆ ಉಳಿದಿತ್ತು, ಹಳದಿ. ಕೇಳಿ ಇಸ್ಕೊಂಡೆ. ಹೊಲಿದಿಲ್ಲ, ಸುಮ್ಮನೆ ಇಟ್ಟಿದ್ದೀನಿ.

ನಿನ್ನ ತಂಗಿ


ಮೇ ೧೫

ಹೊರಟ ಜಾಗಕ್ಕೇ ಬಂದು ನಿಂತಿದ್ದೀಯ. ನಾಲ್ಕು ತಿಂಗಳಲ್ಲಿ ಸೊನ್ನೆ. ಬಟ್ಟೆ ಎತ್ತಿಡುವವರಿಗೆ ಮಗು ಆಗುವುದಿಲ್ಲ, ತಟ್ಟೆ ಎತ್ತಿಡುವವರಿಗೆ ಆಗುತ್ತದೆ. ಬೇಳೆ ಅರ್ಧ ಬಟ್ಟಲು ಮಾಡು.

ಅಕ್ಕ


ಜೂನ್ ೯

ಅಕ್ಕ,

ಈ ಕಾಗದದ ಜೊತೆ ಒಂದು ಚೀಟಿ ಇಟ್ಟಿದ್ದೀನಿ. ಕಾಜಾದವಳ ದೊಡ್ಡ ಮಗಳಿಗೂ ಮುಟ್ಟು ಸರಿಯಿಲ್ಲ, ಯಾವುದೋ ಆರೋಗ್ಯ ಶಿಬಿರಕ್ಕೆ ಹೋಗಿದ್ದಳು. ಅಲ್ಲಿ ಹಂಚಿದ್ದಂತೆ. ಮೇಲೆ ನಿನ್ನ ಫೋಟೊ ಇದೆ, ನೀಲಿ ಚೌಕಟ್ಟಿನ ಕನ್ನಡಕ ಹಾಕಿಕೊಂಡಿದ್ದೀಯ, ಚೆನ್ನಾಗಿ ಕಾಣ್ತೀಯ.

ಕೆಳಗೆ ನೀನು ಹೀಗೆ ಬರೆದಿದ್ದೀಯ: "ಹಸಿದಿರಬೇಡಿ. ಹಸಿದ ಮೈ ಹೆದರುತ್ತದೆ, ಹೆದರಿದ ಮೈಗೆ ಮುಟ್ಟು ಇನ್ನೂ ದೂರ. ಮೂರು ಹೊತ್ತು ಉಣ್ಣಿ, ಪ್ರತಿ ಊಟದಲ್ಲೂ ಬೇಳೆಯೋ ಮೊಟ್ಟೆಯೋ ಇರಲಿ. ತೂಕ ನೂರಕ್ಕೆ ಐದು ಪಾಲು ಇಳಿದರೂ ಮೈ ನಿಮ್ಮ ಮಾತು ಕೇಳತೊಡಗುತ್ತದೆ. ಚೆನ್ನಾಗಿ ನಿದ್ದೆ ಮಾಡಿ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಇದು ನಿಮ್ಮ ತಪ್ಪಲ್ಲ."

ನಾಲ್ಕು ಸಲ ಓದಿದೆ. ಕಾಜಾದವಳು, "ಎಷ್ಟು ಒಳ್ಳೆ ಹೆಂಗಸು ಕಣೇ, ತಾಯಿ ಥರ ಬರೆದಿದ್ದಾರೆ" ಅಂದಳು. ನಮ್ಮಕ್ಕ ಅಂತ ಹೇಳಲಿಲ್ಲ, ನೀನು ಬೇಡ ಅಂದಿದ್ದೀಯಲ್ಲ.

ಈ ಚೀಟಿಯಲ್ಲಿರೋ ಅಕ್ಕ ನನಗೆ ಯಾಕೆ ಕಾಗದ ಬರೆಯಲ್ಲ?

ಸೊಂಟ ಮೂವತ್ತೆಂಟು.

ತಂಗಿ


ಜೂನ್ ೨೦

ಗುಂಡಮ್ಮ,

ಆ ಚೀಟಿ ಪರರಿಗೆ ಬರೆದದ್ದು. ಪರರಿಗೆ ಮೆತ್ತಗೆ ಹೇಳದಿದ್ದರೆ ಅವರು ಮತ್ತೆ ಬರುವುದಿಲ್ಲ. ನೀನು ಎಲ್ಲಿಗೆ ಹೋಗುತ್ತೀಯ?

ಅಲ್ಲದೆ ಅದು ಹೇಳಿದ್ದನ್ನು ಕೇಳುವ ಮೈಗಳಿಗೆ. ನಿನ್ನದು ಕೇಳದ ಮೈ. ಮೂರು ಹೊತ್ತು ಉಣ್ಣು ಅಂದಾಗ ಏರಿದ ಮೈ. ಹೋದ ಭಾನುವಾರ ನಮ್ಮ ಹೆಂಗಸರ ಗುಂಪಿನಲ್ಲಿ ನಿನ್ನ ಕಥೆ ಹೇಳಿದೆ, ಹೆಸರು ಹೇಳದೆ. "ಐದು ತಿಂಗಳಿಂದ ಒಬ್ಬಳು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಾಳೆ, ಹಾಗಾಗಬೇಡಿ" ಅಂದೆ. ಎಲ್ಲರೂ ಅಯ್ಯೋ ಪಾಪ ಅಂದರು.

ಈ ಎಲ್ಲ ಚೀಟಿಗಳನ್ನು ಸೇರಿಸಿ ಒಂದು ಕೈಪುಸ್ತಕ ಬರುತ್ತಿದೆ, ಡಾಕ್ಟರಮ್ಮ ಮುನ್ನುಡಿ ಬರೆಯುತ್ತಾರೆ. ಕೆಲಸ ಬಹಳ. ಚಿಕ್ಕದಾಗಿ ಬರೆ.

ಅಕ್ಕ


ಜುಲೈ ೫

ಅಕ್ಕ,

ಸೊಂಟ ಮೂವತ್ತೇಳು. ಮುಟ್ಟು ಇಲ್ಲ, ನಾಲ್ಕು ತಿಂಗಳಾಯ್ತು. ನಡೆದದ್ದು ದಿನಾ ಒಂದೂವರೆ ಗಂಟೆ.

ಚಿಕ್ಕದಾಗಿ ಬರೀ ಅಂದೆ, ಆದ್ರೂ ಇದೊಂದು ಹೇಳಬೇಕು. ಹೋದ ವಾರ ಕಟಿಂಗ್ ಟೇಬಲ್ ಹತ್ತಿರ ತಲೆ ಸುತ್ತಿ ಬಿದ್ದೆ. ಕತ್ತರಿ ಆ ಕಡೆ ಬಿತ್ತು, ಏನೂ ಆಗಲಿಲ್ಲ. ಕಾಜಾದವಳು ಮುಖಕ್ಕೆ ನೀರು ಚಿಮುಕಿಸಿ ಕಿವಿ ಹತ್ತಿರ ಬಗ್ಗಿ "ಏನೇ, ಸಿಹಿ ಸುದ್ದಿನಾ?" ಅಂತ ಕೇಳಿದಳು. ನಾನು ಮಾತಾಡಲಿಲ್ಲ. ಮಾತಾಡದೆ ಇದ್ದದ್ದಕ್ಕೆ ಅಂಗಡಿಯೆಲ್ಲ ಹೌದು ಅಂದುಕೊಂಡರು.

ಎರಡು ದಿನ ಎಲ್ಲರೂ ನನಗೆ ಬೆನ್ನಿರೋ ಕುರ್ಚಿ ಬಿಟ್ಟುಕೊಟ್ಟರು ಅಕ್ಕ. ಮಾಲೀಕರು ಫ್ಯಾನು ನನ್ನ ಕಡೆ ತಿರುಗಿಸಿದರು. ಮೂರನೇ ದಿನ ಇವರ ಕಿವಿಗೂ ಬಿದ್ದು, ಕೈಯಲ್ಲಿ ಎರಡು ಕಿತ್ತಳೆ ಹಿಡಿದು ಮಧ್ಯಾಹ್ನವೇ ಓಡಿಬಂದರು. ಆಗ ಹೇಳಬೇಕಾಯ್ತು. ಅವರು ಕಿತ್ತಳೆ ಸುಲಿದು ಕಾಜಾದವಳ ಮಕ್ಕಳಿಗೆ ಕೊಟ್ಟರು.

ಪಟ್ಟಿಗೆ ಇನ್ನು ಐದು ವಾರ ಇದೆ ಅಲ್ವಾ?

ತಂಗಿ


ಜುಲೈ ೧೬

ಗುಂಡಮ್ಮ,

ಎರಡು ದಿನ ಬಸುರಿಯ ನಾಟಕ ಆಡಿದೆ ಅನ್ನು. ಮೂರನೆಯ ದಿನ ಅವನ ಮುಖ ನೋಡುವ ಶಿಕ್ಷೆ ಸಿಕ್ಕಿತು, ನಾನು ಹೊಸದಾಗಿ ಬೈಯಬೇಕಿಲ್ಲ. ಅಳತೆ ಇಳಿಯುತ್ತಿದೆ. ಸಾಲದು.

ಇಲ್ಲೊಂದು ತಮಾಷೆ ನಡೆಯಿತು. ಕ್ಲಿನಿಕ್ಕಿನವರಿಗೆಲ್ಲ ಹೊಸ ಕೋಟು ಹೊಲಿಯಲು ಒಬ್ಬ ದರ್ಜಿ ಬಂದಿದ್ದ. ನನ್ನ ಸೊಂಟ ಅಳೆದು ಚೀಟಿಯಲ್ಲಿ ಮೂವತ್ತಾರು ಅಂತ ಬರೆದ. ನನ್ನದು ಇಪ್ಪತ್ತು ವರ್ಷದಿಂದ ಮೂವತ್ತಮೂರು. "ಕಣ್ಣು ಕಾಣಿಸುತ್ತೇನಯ್ಯಾ?" ಅಂತ ಜಗಳಕ್ಕೇ ಹೋದೆ. ಅವನು ನಕ್ಕು, "ಮೈ ಮೂವತ್ತಮೂರೇ ಅಮ್ಮ, ನಾವು ಬರೆಯೋದು ಬಟ್ಟೇದು" ಅಂದ.

ನಿಮ್ಮ ಅಂಗಡಿಯಲ್ಲೂ ಹೀಗೆ ಬರೆಯುತ್ತೀರಾ? ಸುಮ್ಮನೆ ಕೇಳಿದೆ. ಬೇಗ ಉತ್ತರ ಬರೆ.

ಅಕ್ಕ


ಜುಲೈ ೨೪

ಅಕ್ಕ,

ಬಹಳ ದಿನಕ್ಕೆ ನಕ್ಕೆ. ಆ ದರ್ಜಿ ಪಾಪ, ನಿನ್ನ ಕೈಗೆ ಸಿಕ್ಕಿ ಬದುಕಿ ಹೋದನಲ್ಲ!

ಹೌದು, ನಾವೂ ಹಾಗೇ. ನಮ್ಮ ಹಳೇ ಮಾಸ್ಟರು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದು. ಒಂದು ಸಲ ಯಾರೋ ಮೈ ಅಳತೆ ಬರೆದಿಟ್ಟು, ಕಟಿಂಗಿನವನು ಅಷ್ಟಕ್ಕೇ ಕತ್ತರಿಸಿ, ನಲವತ್ತು ಕಾವಲುಗಾರರ ಅಂಗಿ ಮೊದಲ ದಿನವೇ ಬಿರಿದವಂತೆ. ಅವತ್ತಿಂದ ನಮ್ಮ ಅಂಗಡಿಯಲ್ಲಿ ಮೈ ಅಳತೆ ಅನ್ನೋದನ್ನ ಯಾರೂ ಬರೆಯಲ್ಲ. ಟೇಪು ಎಷ್ಟೇ ತೋರಿಸಲಿ, ಸೊಂಟಕ್ಕೆ ಮೂರಿಂಚು ಲೂಸು ಸೇರಿಸಿಯೇ ಬಾಯಿಗೆ ಬರೋದು, ಕೈಗೆ ಬರೋದು. ನಿನಗೆ ಬರೆದದ್ದೂ ಹಾಗೇ, ಮೈಗಿಂತ ಮೂರು ಜಾಸ್ತಿ. ದರ್ಜಿ ಬರೆದದ್ದು ಅಂತ ನಿನಗೆ ಗೊತ್ತಿದ್ದೇ ಇರುತ್ತಲ್ಲ.

ಇವತ್ತು ಅಳೆದೆ, ಬೇಕಂತಲೇ ಲೂಸಿಲ್ಲದೆ. ಮೂವತ್ತಮೂರೂವರೆ. ಗೆರೆ ಎಷ್ಟೋ ನನಗೆ ಗೊತ್ತಿಲ್ಲ. ಹತ್ತಿರ ಬಂದಿದ್ದೀನಾ ಅಂತ ಒಂದು ಮಾತು ಬರೆ. ಒಂದೇ ಮಾತು ಸಾಕು.

ತಂಗಿ


ಆಗಸ್ಟ್ ೧೪

ಗುಂಡಮ್ಮ,

ಪಟ್ಟಿ ಹತ್ತನೆಯ ತಾರೀಕು ಡಾಕ್ಟರಮ್ಮನ ಕೈ ಸೇರಿತು. ಹನ್ನೆರಡು ಹೆಸರು. ನಿನ್ನದು ಇಲ್ಲ.

ನಿನ್ನ ಅಳತೆ ಗೆರೆಗೆ ಬರಲಿಲ್ಲ. ನಾನು ಮಾಡುವಷ್ಟು ಮಾಡಿದೆ. ಎಲ್ಲ ಹೆಂಗಸರ ಹಣೆಯಲ್ಲೂ ಎಲ್ಲವನ್ನೂ ಬರೆದಿರುವುದಿಲ್ಲ. ನನ್ನ ಹಣೆಯಲ್ಲಿ ಮದುವೆ ಬರೆದಿರಲಿಲ್ಲ, ನಾನು ಬದುಕಲಿಲ್ಲವೇ? ಇನ್ನು ತಿಂಗಳ ಕಾಗದ ಬೇಕಿಲ್ಲ. ಬೇಕಾದ್ದು ಉಣ್ಣು.

ಅಕ್ಕ


ಸೆಪ್ಟೆಂಬರ್ ೨೦

ಅಕ್ಕ,

ಹೋದ ಗುರುವಾರ ನಿಮ್ಮ ಕ್ಲಿನಿಕ್ಕಿಗೆ ಬಂದಿದ್ದೆ. ನೀನು ಎಲ್ಲೋ ಭಾಷಣಕ್ಕೆ ಹೋಗಿದ್ದೀಯ ಅಂದರು. ಅದು ಗೊತ್ತಿದ್ದೇ ಬಂದೆ.

ಡಾಕ್ಟರಮ್ಮ ನನ್ನನ್ನ ಗುರುತಿಸಲಿಲ್ಲ. ಫೈಲು ತೆಗೆದು, ಮುಖ ನೋಡಿ, ಮತ್ತೆ ಫೈಲು ನೋಡಿದರು. ಅವರೇ ಟೇಪು ಹಿಡಿದರು. ಮೂವತ್ತಮೂರು. "ಇಲ್ಲಿ ಜುಲೈಗೆ ಮೂವತ್ತೇಳು ಅಂತ ಇದೆ. ಎರಡು ತಿಂಗಳಲ್ಲಿ ನಾಲ್ಕು ಇಂಚಾ? ಏನಮ್ಮ ಮಾಡ್ಕೊಂಡೆ?" ಅಂದರು. ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಏಳು ಇದೆಯಂತೆ, ಹನ್ನೆರಡು ಇರಬೇಕಂತೆ. ಮುಟ್ಟು ನಿಂತದ್ದು ಹಸಿವಿಗೆ ಅಂದರು. ಪಟ್ಟಿಯಲ್ಲಿ ಹೆಸರಿದ್ದರೂ ಈಗ ಈ ಮೈಗೆ ಚಿಕಿತ್ಸೆ ಕೊಡೋಕಾಗಲ್ಲ, ಮೊದಲು ಮೈ ತುಂಬಬೇಕು, ಒಂದು ವರ್ಷನಾದ್ರೂ ಬೇಕು ಅಂದರು. ಆಮೇಲೆ ನನ್ನ ವಯಸ್ಸು ನೋಡಿ ಫೈಲು ಮುಚ್ಚಿದರು.

ಮುಚ್ಚೋಕೆ ಮುಂಚೆ ನಾನು ನೋಡಿದೆ. ಮೊದಲ ದಿನ ನೀನು ಬರೆದದ್ದು ಮೂವತ್ತೊಂಬತ್ತು. ಆಮೇಲೆ ನಾನು ಬರೆದವು, ನಲವತ್ತೊಂದು, ನಲವತ್ತು, ಮೂವತ್ತೊಂಬತ್ತು, ಮೂವತ್ತೆಂಟು, ಮೂವತ್ತೇಳು. ಪ್ರತಿ ಒಂದರಲ್ಲೂ ಮೂರು ಇಂಚು ಬಟ್ಟೆ. ಹಾಳೆಯ ತಲೆಗೆ ಕೆಂಪು ಮಸಿಯಲ್ಲಿ ಗೆರೆ, ಮೂವತ್ತೈದು. ಜೂನ್ ಒಂಬತ್ತಕ್ಕೇ ನಾನು ಗೆರೆ ಮುಟ್ಟಿದ್ದೆ ಅಕ್ಕ. ಮಾರ್ಚಲ್ಲೇ ಒಂದಿಂಚು ಇಳಿದಿದ್ದೆ, ಮೂರು ಹೊತ್ತು ಉಂಡೇ ಇಳಿದಿದ್ದೆ. ಅವತ್ತು ಮುಟ್ಟೂ ಆಗಿತ್ತು.

ಅದು ನನ್ನ ತಪ್ಪು ಅಂತಲೇ ಇಟ್ಟುಕೋ. ಆದ್ರೆ ಫೈಲಿಗೆ ನನ್ನ ಕಾಗದ ಎಲ್ಲಾ ಮಡಚಿ ಪಿನ್ ಮಾಡಿದ್ದೀಯ, ಡಾಕ್ಟರಮ್ಮ ಬಿಚ್ಚಿ ಓದಲಿಲ್ಲ. ಮಾರ್ಚಿದು, ಏಪ್ರಿಲ್ಲಿದು, ಮೇದು, ಜೂನಿದು, ಜುಲೈ ಐದರದ್ದು. ಜುಲೈ ಇಪ್ಪತ್ತನಾಲ್ಕರದ್ದು ಒಂದು ಮಾತ್ರ ಇಲ್ಲ.

ಡಾಕ್ಟರಮ್ಮ ಕೊನೆಗೆ ಏನಂದರು ಗೊತ್ತಾ? "ಅಷ್ಟು ಒಳ್ಳೆ ಸಲಹೆಗಾರ್ತಿ ಇದ್ದಾರೆ ನಿಮಗೆ, ನಾನೇ ಅವರ ಪುಸ್ತಕಕ್ಕೆ ಮುನ್ನುಡಿ ಬರೆದಿದ್ದೀನಿ. ಅವರ ಮಾತು ಕೇಳದೆ ಹೀಗೆ ಉಪವಾಸ ಬಿದ್ದು ಮೈ ಹಾಳು ಮಾಡ್ಕೊಂಡಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಬೈಸಿಕೊಂಡೆ. ನಿನ್ನ ಹೆಸರು ಹೇಳಲಿಲ್ಲ. ಆ ಕಾಗದ ಎಲ್ಲಿದೆ?


ಸೆಪ್ಟೆಂಬರ್ ೨೮

ತಂಗಿ,

ಅದು ನನ್ನ ಹತ್ತಿರ ಇದೆ.

ಜುಲೈ ಮೂವತ್ತಕ್ಕೆ ಬಂತು. ಪಟ್ಟಿಗೆ ಇನ್ನೂ ಹನ್ನೊಂದು ದಿನವಿತ್ತು. ಹನ್ನೊಂದು ಹೆಸರು ಬರೆದಿದ್ದೆ, ಹನ್ನೆರಡನೆಯ ಸಾಲು ಖಾಲಿ ಇತ್ತು. ಇದನ್ನು ನೀನು ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ.

ನಿನ್ನ ಹೆಸರು ಬರೆಯಬೇಕಾದರೆ ಐದು ತಿಂಗಳ ಅಳತೆಯನ್ನು ಹೊಡೆದುಹಾಕಿ ತಿದ್ದಬೇಕಿತ್ತು. ಯಾಕೆ ಎಂದು ಡಾಕ್ಟರಮ್ಮ ಕೇಳುತ್ತಿದ್ದರು. ಅಳೆಯುವುದು ಹೇಗೆ ಎಂದು ನಾನು ನಿನಗೆ ಹೇಳಿಕೊಟ್ಟಿರಲಿಲ್ಲ, ದರ್ಜಿಗೆ ಟೇಪು ಹಿಡಿಯಲು ಕಲಿಸುವುದೇನು ಅಂದುಕೊಂಡಿದ್ದೆ. ಏರಿದೆ ಎಂದು ನಂಬಿ ನಿನ್ನ ತಟ್ಟೆಯಿಂದ ಒಂದೊಂದೇ ತೆಗೆದದ್ದು ಹೊರಗೆ ಬರುತ್ತಿತ್ತು. ಪುಸ್ತಕ ಅಚ್ಚಿನಲ್ಲಿತ್ತು. ಎರಡು ದಿನ ಆ ಕಾಗದವನ್ನು ಕೈಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ. ಮೂರನೆಯ ದಿನ ಹನ್ನೆರಡನೆಯ ಸಾಲಿನಲ್ಲಿ ಬೇರೊಬ್ಬಳನ್ನು ಬರೆದೆ, ಬ್ಯಾಂಕಿನಲ್ಲಿ ಕಸ ಗುಡಿಸುವವಳು. ಅವಳಿಗೂ ಬೇಕಿತ್ತು ಎಂದು ಸಮಾಧಾನ ಹೇಳಿಕೊಂಡೆ.

ಇದಿಷ್ಟೇ ಆಗಿದ್ದರೆ ಹೆದರಿಕೆ ಅನ್ನಬಹುದಿತ್ತು. ಮೂವತ್ತಮೂರೂವರೆ ಎಂದು ಓದಿದಾಗ ನನಗೆ ಮೊದಲು ಆದದ್ದು ಸಂತೋಷವಲ್ಲ. ಇವಳು ನನ್ನ ಕೈಮೀರಿ ಹೋಗುತ್ತಾಳೆ ಅನ್ನಿಸಿತು. ನಿನ್ನನ್ನು ಅಪ್ಪ ನನ್ನ ಕೈಗೆ ಕೊಟ್ಟಾಗ ನಿನಗೆ ಆರು, ನನಗೆ ಹದಿನೇಳು. ಆವತ್ತಿನಿಂದ ನೀನು ನನ್ನನ್ನು ಕೇಳದೆ ಏನನ್ನೂ ಮಾಡಿಲ್ಲ. ನಿನಗೂ ಒಂದು ಮಗು ಬಂದರೆ ನೀನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಇಲ್ಲಿಗೆ ಬಾ. ರಜೆ ಹಾಕುತ್ತೇನೆ. ನಾನೇ ಅಡುಗೆ ಮಾಡಿ ಹಾಕುತ್ತೇನೆ, ಮೂರು ಹೊತ್ತು.

ಅಕ್ಕ


ನವೆಂಬರ್ ೧೧

ತಂಗಿ,

ಇವತ್ತು ನಿನ್ನ ಹುಟ್ಟಿದ ದಿನ. ಹೋದ ತಿಂಗಳ ನನ್ನ ಎರಡು ಕಾಗದಗಳಿಗೂ ಉತ್ತರವಿಲ್ಲ. ಅಂಗಡಿಗೆ ಫೋನು ಮಾಡಿದ್ದೆ. ಯಾವಳೋ ತೆಗೆದು "ಅಳತೆ ತೆಗೀತಿದ್ದಾರೆ, ಬರೋಕಾಗಲ್ಲ" ಅಂದಳು. ಹಿಂದೆ ನಿನ್ನ ದನಿ ಕೇಳಿಸುತ್ತಿತ್ತು. ಯಾರಿಗೋ ಕೈ ಎತ್ತಿ ನಿಲ್ಲಲು ಹೇಳುತ್ತಿದ್ದೆ.

ಉಣ್ಣುತ್ತಿದ್ದೀಯಾ?

ಅಕ್ಕ


ಡಿಸೆಂಬರ್ ೧೮

ತಂಗಿ,

ಉತ್ತರವಿಲ್ಲದೆ ಬರೆಯುತ್ತಿರುವ ಐದನೆಯ ಕಾಗದ ಇದು. ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಬೇಕೆಂದು ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋದೆ. ಪುಸ್ತಕ ಬಂದಿದೆ, ಮೂರು ಊರಿನವರು ಕೇಳಿ ತರಿಸಿಕೊಂಡಿದ್ದಾರೆ. ಹೇಳಲಿಲ್ಲ.

ಒಂದು ಸುದ್ದಿ. ಕೇಳಿದರೆ ನಿನ್ನ ಮನಸ್ಸು ಸ್ವಲ್ಪ ಹಗುರಾಗಬಹುದು ಅಂದುಕೊಂಡು ಬರೆಯುತ್ತಿದ್ದೇನೆ. ಹನ್ನೆರಡನೆಯವಳಿಗೆ ಬಸಿರು ನಿಂತಿದೆ. ಹತ್ತು ವಾರ. ನಿನ್ನ ಜಾಗ ದಂಡವಾಗಲಿಲ್ಲ.

ಅಕ್ಕ


ಜನವರಿ ೯

ಅಕ್ಕ,

ಬರೆಯಬಾರದು ಅಂತಲೇ ಇದ್ದೆ. ಹನ್ನೆರಡನೆಯವಳ ಸುದ್ದಿ ಓದಿದ ಮೇಲೆ ಬರೀತಿದ್ದೀನಿ.

ಡಿಸೆಂಬರ್ ಇಪ್ಪತ್ತೊಂದಕ್ಕೆ ಮುಟ್ಟಾದೆ, ಒಂಬತ್ತು ತಿಂಗಳ ಮೇಲೆ. ಬೇರೆಯವರಿಗೆ ಒಂಬತ್ತು ತಿಂಗಳಿಗೆ ಮಗು ಬರುತ್ತೆ, ನನಗೆ ಇದು ಬಂತು. ಅತ್ತೆಗೆ ಹೇಳಿದೆ. ಅವರು ಎರಡು ಮೊಟ್ಟೆ ಒಡೆದರು. ಇವರು ಮತ್ತೆ ಸಂಜೆ ನನ್ನ ಜೊತೆ ನಡೆಯೋಕೆ ಬರ್ತಾರೆ. ಎಷ್ಟು ನಡೆದೆವು ಅಂತ ಯಾರೂ ಬರೆದಿಡಲ್ಲ. ಮಗು ಆದರೆ ಆಯ್ತು, ಇಲ್ಲದಿದ್ದರೆ ಇಲ್ಲ ಅನ್ನೋ ಮಾತು ಬಾಯಿಗೆ ಬರುತ್ತೆ, ಮನಸ್ಸಿಗೆ ಬರಲ್ಲ.

ನಿನ್ನ ಅಡುಗೆ ಉಣ್ಣೋಕೆ ಬರಲ್ಲ. ನಿನ್ನ ಮೇಲೆ ದೂರು ಕೊಡೋಕೂ ಬರಲ್ಲ. ಡಾಕ್ಟರಮ್ಮನ ಬಾಗಿಲಿಗೆ ಮೂರನೇ ಸಲ ಹೋಗೋದು ಬಿಡೋದು ನಿನ್ನ ಕಾಲಿಗೆ ಬಿಟ್ಟದ್ದು. ಮತ್ತೆ ನನಗೆ ಬರೀಬೇಡ. ಬರೆದರೆ ಅಂಚೆಯವರ ಹತ್ತಿರವೇ ವಾಪಸ್ ಕಳಿಸ್ತೀನಿ.

ಆ ಹನ್ನೆರಡನೆಯವಳಿಗೆ ಹೊಟ್ಟೆ ತುಂಬ ಊಟ ಮಾಡೋಕೆ ಹೇಳಿಸು. ನೀನು ಹೇಳಬೇಡ, ಬೇರೆ ಯಾರ ಕೈಲಾದರೂ ಹೇಳಿಸು.